ಸೋರದ ಗೋಡೆ

ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಅದು. ಮೊದಲು ಒಂದು ಉದ್ದನೆಯ ನರಳಾಟ, ನಡುವೆ ಎಲ್ಲೋ ಸಿಕ್ಕಿಕೊಂಡಂತೆ ಸ್ವಲ್ಪ ಮೌನ, ಆಮೇಲೆ ಆಳದಿಂದ ಗುಳುಗುಳು ಎಂದು ಗುಳ್ಳೆ ಏಳುವುದು. ಟಿಕೋಟದ ಒಂದು ಓಣಿಯಲ್ಲಿ ದಿನಾ ಬೆಳಗ್ಗೆ ಒಬ್ಬ ಮುದುಕಿ ಗೋಬರ್ ಗ್ಯಾಸಿನ ಡ್ರಮ್ಮಿನ ಹಿಡಿಕೆಗೆ ಎರಡೂ ಕೈ ಕೊಟ್ಟು, ಅದರ ಸುತ್ತ ನಡೆಯುತ್ತ, ಅದನ್ನು ತಿರುಗಿಸುತ್ತಿದ್ದಳು. ಒಳಗೆ ಸೆಗಣಿಯ ಮೇಲೆ ಕಟ್ಟಿದ ಕೆನೆ ಒಡೆಯಲಿ, ಗ್ಯಾಸು ಮೇಲೆ ಬರಲಿ ಎಂದು. ಈಗ ವಿಜಾಪುರದ ಜಲನಗರದ ನಮ್ಮ ರಸ್ತೆಯಲ್ಲಿ ಯಾರಾದರೂ ಹಳೆಯ ಗೇಟು ತೆರೆದರೆ ಸಾಕು, ನನ್ನ ಕೈಯಲ್ಲಿನ ಚಹಾದ ಕಪ್ಪು ತುಟಿಯ ಹತ್ತಿರ ಬಂದು ನಿಂತುಬಿಡುತ್ತದೆ. ಗೇಟಿನ ಸದ್ದು ಅಲ್ಲಿಗೇ ಮುಗಿಯುತ್ತದೆ. ನಾನು ಗುಳ್ಳೆಗಾಗಿ ಕಾಯುತ್ತ ಕೂತಿರುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪರದೇಶದಲ್ಲಿ ಎಣ್ಣೆಯ ಬೆಲೆ ಏರಿ, ಇಲ್ಲಿ ಸೀಮೆಎಣ್ಣೆಯ ಅಂಗಡಿಯ ಮುಂದೆ ಡಬ್ಬಿಗಳು ಕ್ಯೂ ನಿಂತಿದ್ದ ಕಾಲ. ಬಿಸಿಲು, ಗಾಳಿ, ಸೆಗಣಿ ಇವುಗಳಿಂದ ಏನು ಮಾಡಬಹುದು ಎಂದು ನೋಡಲು ಸರ್ಕಾರ ಒಂದು ಸಣ್ಣ ‘ಎನರ್ಜಿ ಸೆಲ್’ ತೆರೆದಿತ್ತು. ಅದರ ಒಂದು ತುಂಡು ವಿಜಾಪುರದಲ್ಲಿ, ಸ್ಟೇಶನ್ ಕಡೆಯ ಎರಡು ಕೋಣೆಗಳಲ್ಲಿ ಇತ್ತು. ಒಬ್ಬ ಎಂಜಿನಿಯರರು, ಒಬ್ಬ ಡ್ರೈವರು, ಒಂದು ಜೀಪು, ಮತ್ತು ಸರ್ಕಾರದ ಪಾಲಿಸಿ ಬರೆಯಲು ನಾನು. ಊರಲ್ಲಿ ಪಾಲಿಸಿ ಬರೆಯುವವಳು ಎಂದರೆ ಜೀವವಿಮೆಯವಳು ಎಂದು ತಿಳಿದು, ಮಕ್ಕಳ ವಯಸ್ಸು ಹೇಳುತ್ತ ಬಂದವರೂ ಉಂಟು. ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿ ಬಂದಿದ್ದ ನನ್ನ ಇಂಗ್ಲಿಷ್ ನೀಟಾಗಿತ್ತು. ಅದಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ಹಳ್ಳಿಯಲ್ಲಿ ನಡೆದದ್ದನ್ನು ನೋಡಿ, ಅದನ್ನು ಇಡೀ ರಾಜ್ಯಕ್ಕೆ ಅನ್ವಯವಾಗುವ ಗೈಡ್‌ಲೈನ್ ಮಾಡಿ ಬರೆಯುವುದು ನನ್ನ ಕೆಲಸ.

ಆಗ ಸೆಲ್ಲಿನ ಮುಂದಿದ್ದದ್ದು ಒಂದೇ ದೊಡ್ಡ ಪ್ರಶ್ನೆ. ಓಣಿಗೊಂದು ಸಾಮೂಹಿಕ ಗೋಬರ್ ಗ್ಯಾಸ್ ಪ್ಲಾಂಟ್ ಆಗಬೇಕು, ಸರಿ. ಅದನ್ನು ಕಟ್ಟುವವರು ಯಾರು? ನಗರದ ಕಂತ್ರಾಟುದಾರರೋ, ಅಥವಾ ಹಳ್ಳಿಯ ಗೌಂಡಿಗಳಿಗೇ ಟ್ರೇನಿಂಗ್ ಕೊಟ್ಟು ಅವರಿಂದ ಕಟ್ಟಿಸುವುದೋ? ಎಂಜಿನಿಯರರದು ಎರಡನೆಯ ಪಕ್ಷ. “ನಾವು ನಾಳೆ ಎದ್ದು ಹೋಗ್ತೇವಿ, ರಿಪೇರಿ ಮಾಡಾಂವ ಊರಾಗ ಇರಬೇಕು,” ಎನ್ನುತ್ತಿದ್ದರು. ಅದನ್ನು ತೋರಿಸಿಕೊಡಲೆಂದೇ ಟಿಕೋಟದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು ಪ್ಲಾಂಟು ಕಟ್ಟಿಸಿದ್ದೆವು. ಎರಡನ್ನೂ ಕಟ್ಟಿದವನು ಬಬಲೇಶ್ವರದ ಒಬ್ಬ ಗೌಂಡಿ.

ಅವನ ಮನೆತನದ್ದು ಬಾವಿಗೆ ಕಲ್ಲು ಕಟ್ಟುವ ಕಸುಬು. ಪ್ಲಾಂಟೆಂದರೆ ಅದೂ ಒಂದು ಬಾವಿಯೇ: ನೆಲದೊಳಗೆ ಇಟ್ಟಿಗೆಯ ಗುಂಡನೆಯ ಗೋಡೆ, ಒಂದು ಕಡೆಯಿಂದ ಸೆಗಣಿ ನೀರು ಇಳಿಯುವ ಕೊಳವೆ, ಇನ್ನೊಂದು ಕಡೆ ಕೊಳೆತ ಗೊಬ್ಬರ ಉಕ್ಕಿ ಹೊರಬರುವ ಕೊಳವೆ, ಮೇಲೆ ತಲೆಕೆಳಗಾಗಿ ತೇಲುವ ಕಬ್ಬಿಣದ ಡ್ರಮ್ಮು. ಗ್ಯಾಸು ಹುಟ್ಟಿದಂತೆ ಡ್ರಮ್ಮು ಏಳುತ್ತದೆ, ಒಲೆ ಉರಿದಂತೆ ಇಳಿಯುತ್ತದೆ. ಗೌಂಡಿ ಇಟ್ಟಿಗೆ ಇಡುತ್ತಿದ್ದ, ಅವನ ಹೆಂಡತಿ ಗಾರೆ ಹೊತ್ತು ಕೊಡುತ್ತಿದ್ದಳು.

“ಬಾಯಾರ, ನಿಮ್ಮ ಇಂಗ್ಲೀಷಿನ್ಯಾಗ ಗ್ವಾಡಿಗೆ ಏನಂತಾರ್ರಿ?” ಎಂದು ಒಮ್ಮೆ ಗುಂಡಿಯೊಳಗಿಂದಲೇ ಕೇಳಿದ.

“ವಾಲ್.”

“ಅಷ್ಟೇನ? ಬೆನ್ನ ಮುರಕೊಂಡು ಕಟ್ಟೂದಕ್ಕ ಇಷ್ಟ ಗಿಡ್ಡ ಹೆಸರ?”

“ಮಾತಾಡಕೋತ ಕುಂದರಬ್ಯಾಡ, ಗಾರಿ ಒಣಗಾಕತ್ತೈತಿ,” ಎಂದಳು ಹೆಂಡತಿ ಮೇಲಿಂದ.

“ನೋಡ್ರಿ ಬಾಯಾರ, ನನ್ನ ಇಂಜಿನೇರ ಇಲ್ಲಿ ನಿಂತಾಳ. ನಿಮ್ಮವ್ರು ಜೀಪನ್ಯಾಗ ತಿರಗತಾರ, ನನ್ನಾಕಿ ತಲಿ ಮ್ಯಾಲೆ ನಿಂತಿರತಾಳ.”

ಕಟ್ಟುವಾಗ ಅವನು ಪ್ರತಿ ಸುತ್ತಿಗೂ ಅಂಗೈ ಆಡಿಸಿ ನೋಡುತ್ತಿದ್ದ, ಮಗುವಿನ ಜ್ವರ ನೋಡುವ ಹಾಗೆ. ಗಿಲಾವು ಮುಗಿದ ಮೇಲೆ ನೀರು ತುಂಬಿಸಿ, ಗೆರೆ ಹೊಡೆದು, ಬಿಟ್ಟೆವು. ನೀರು ಗೆರೆಯಿಂದ ಕದಲಲಿಲ್ಲ. ಟಿಕೋಟದಲ್ಲಿ ಮೊದಲ ಒಲೆ ನೀಲಿಯಾಗಿ ಹೊತ್ತಿದಾಗ ಓಣಿಯ ಹೆಂಗಸರು ಅದರ ಮುಂದೆ ಕೈಮುಗಿದು ನಿಂತರು. ಪ್ಲಾಂಟು ಇದ್ದದ್ದು ಆಗಲೇ ಹೇಳಿದ ಆ ಮುದುಕಿಯ ಹಿತ್ತಲಿನಲ್ಲಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಪ್ರತಿ ಮನೆಯವರೂ ದಿನಾ ಒಂದು ಬುಟ್ಟಿ ಸೆಗಣಿ ತಂದುಕೊಡುವುದಾಗಿ ಓಣಿಯ ಪ್ಲಾಂಟ್ ಕಮಿಟಿಗೆ ಮಾತು ಕೊಟ್ಟಿದ್ದರು. ಆಯಿ ಬುಟ್ಟಿ ಇಳಿಸಿಕೊಂಡು, ತೊಟ್ಟಿಯಲ್ಲಿ ನೀರು ಹಾಕಿ ಕಲಸಿ, ಕೊಳವೆಗೆ ಬಿಡುವಳು.

ಕೆಲವು ತಿಂಗಳಾದ ಮೇಲೆ ತೊಂದರೆ ಶುರುವಾಯಿತು. ವಾರದಲ್ಲಿ ಕೆಲವು ದಿನ ಡ್ರಮ್ಮು ಏಳುತ್ತಿರಲಿಲ್ಲ. ಸಂಜೆಯ ರೊಟ್ಟಿಯ ಹೊತ್ತಿಗೆ ಒಲೆ ತಣ್ಣಗಾಗಿ, ಹೆಂಗಸರು ಮತ್ತೆ ಕಟ್ಟಿಗೆ ಊದಲು ಕೂತರು. ಬಬಲೇಶ್ವರದಲ್ಲೂ ಅದೇ ಕತೆ. ಬುಟ್ಟಿಗಳೇನೋ ದಿನಾ ತಪ್ಪದೆ ಬರುತ್ತಿದ್ದವು, ನಾನೇ ನೋಡಿದ್ದೆ.

ಎಂಜಿನಿಯರರು ಒಂದೊಂದೇ ತೆಗೆದು ನೋಡುತ್ತ ಬಂದರು. ಪೈಪಿನ ಜಾಯಿಂಟುಗಳಿಗೆ ಸಾಬೂನಿನ ನೊರೆ ಬಳಿದೆವು, ಎಲ್ಲಿಯೂ ಗುಳ್ಳೆ ಏಳಲಿಲ್ಲ. ಡ್ರಮ್ಮಿನ ಬೆಸುಗೆಗೂ ಬಳಿದೆವು, ಅದೂ ಗಟ್ಟಿ. ಪೈಪಿನ ತಗ್ಗಿನಲ್ಲಿ ನೀರು ನಿಂತು ಗ್ಯಾಸು ತಡೆಯುತ್ತದೆಂದು ಆ ನೀರನ್ನು ಬಸಿದೆವು. ಗಾಜಿನ ಯು-ಟ್ಯೂಬಿನಲ್ಲಿ ಬಣ್ಣದ ನೀರು ಹಾಕಿ ಒತ್ತಡ ಅಳೆದೆವು. ಲಿಟ್ಮಸ್ ಕಾಗದ ಅದ್ದಿ ಹುಳಿ ನೋಡಿದೆವು. ಎರಡು ದಿನ ಚೆನ್ನಾಗಿ ಏಳುವ ಡ್ರಮ್ಮು ಮೂರನೆಯ ದಿನ ಮುನಿಸಿಕೊಂಡ ಹಾಗೆ ಕೂತುಬಿಡುತ್ತಿತ್ತು. ನಮ್ಮ ಇಡೀ ಸೆಲ್ಲು ಖಾಯಂ ಆಗಬೇಕೋ ಬೇಡವೋ ಎಂಬುದು ಈ ಎರಡು ಡ್ರಮ್ಮುಗಳ ಮೇಲೆ ನಿಂತಿತ್ತು. ಕೊನೆಗೆ ದಿಲ್ಲಿಯಿಂದ ಒಬ್ಬ ತಜ್ಞರನ್ನು ಕರೆಸಿದರು.

ಅವರು ಒಳ್ಳೆಯ ಮನುಷ್ಯರು. ಅದನ್ನು ಹೇಳಲೇಬೇಕು. ಬಿಸಿಲಲ್ಲಿ ಟೋಪಿ ಇಲ್ಲದೆ ನಿಂತು ಎಲ್ಲವನ್ನೂ ಕೇಳಿದರು, ಆಯಿ ಕೊಟ್ಟ ನೀರನ್ನು ಹಿಂದೆಮುಂದೆ ನೋಡದೆ ಕುಡಿದರು. ಅವರಿಗೆ ಕನ್ನಡ ಬಾರದು. ನಾನು ನಡುವೆ ನಿಂತು ಈ ಕಡೆಯದನ್ನು ಆ ಕಡೆ, ಆ ಕಡೆಯದನ್ನು ಈ ಕಡೆ ಹೇಳುತ್ತಿದ್ದೆ. ನಾವು ಮಾಡಿದ ಪರೀಕ್ಷೆಗಳನ್ನೆಲ್ಲ ಕೇಳಿ ಮುಗಿದ ಮೇಲೆ ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟೇ: ಡ್ರಮ್ಮು ಅಲ್ಲ, ಪೈಪು ಅಲ್ಲ, ಸೆಗಣಿ ಅಲ್ಲ ಎಂದ ಮೇಲೆ ಉಳಿಯುವುದು ಗೋಡೆ. ಗೋಡೆ ಸೋರುತ್ತಿರಬೇಕು. ಎರಡನ್ನೂ ಒಬ್ಬನೇ ಕಟ್ಟಿದ್ದಾನಲ್ಲ.

ಗೌಂಡಿ ನನ್ನ ಮುಖವನ್ನೇ ನೋಡುತ್ತಿದ್ದ. “ಏನಂತಾರ್ರಿ ಸಾಹೇಬ್ರು?”

“ಗೋಡೆ ಸೋರುತ್ತಿರಬೇಕು ಅಂತಾರೆ,” ಎಂದೆ.

ಅವನು ತಜ್ಞರ ಕಡೆ ತಿರುಗಲಿಲ್ಲ. ನನಗೇ ಹೇಳಿದ, ಗದ್ದಲವಿಲ್ಲದೆ: “ನನ್ನ ಗ್ವಾಡಿ ಸೋರಂಗಿಲ್ರಿ ಬಾಯಾರ. ಇಳದು ತೋರಸ್ತೇನಿ.”

ಡ್ರಮ್ಮನ್ನು ಸರಪಳಿ ಕಟ್ಟಿ ಎತ್ತಿ ಬದಿಗಿಟ್ಟರು. ಒಳಗಿನ ಸೆಗಣಿ ರಾಡಿಯನ್ನು ಬಕೀಟಿನಿಂದ ಎಳೆದೆಳೆದು ಖಾಲಿ ಮಾಡಿದರು. ಎಳೆಯುವವರಲ್ಲಿ ಅವನ ಹೆಂಡತಿಯೂ ಇದ್ದಳು. ಹೊರಗೆ ಸುರಿದ ರಾಡಿ ಹಿತ್ತಲಿನಲ್ಲಿ ಗುಡ್ಡೆಯಾಗಿ ಬಿಸಿಲಿಗೆ ಒಣಗತೊಡಗಿತು. ಅದರಲ್ಲಿ ಮಣ್ಣು, ಬೂದಿ, ಹೊಟ್ಟು ಬಹಳ ಇತ್ತು. ಕೊಟ್ಟಿಗೆ ಗುಡಿಸಿದ್ದು ಸೇರಿರುತ್ತದೆ ಎಂದು ಯಾರೋ ಹೇಳಿದರು, ನಾವು ಮುಂದೆ ಯೋಚಿಸಲಿಲ್ಲ. ತಳದಲ್ಲಿ ಒಂದಿಷ್ಟು ಉಳಿದಿತ್ತು, ಬಕೀಟಿಗೆ ಸಿಗುತ್ತಿರಲಿಲ್ಲ. ತಜ್ಞರ ರೈಲು ಅಂದು ಸಂಜೆಗೆ. ಗೋಡೆಯನ್ನು ನೋಡಿಯೇ ಹೋಗುತ್ತೇನೆ ಎಂದಿದ್ದರು.

ಬಾವಿ ಕೆಲಸದವರ ಒಂದು ಪದ್ಧತಿ ಇದೆ. ಹಳೆಯ ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಾರೆ. ಕಂದೀಲು ಆರಿದರೆ ಕೆಳಗೆ ಗಾಳಿ ಕೆಟ್ಟಿದೆ ಎಂದರ್ಥ, ಆ ದಿನ ಯಾರೂ ಇಳಿಯುವುದಿಲ್ಲ. ಗೌಂಡಿ ಅಭ್ಯಾಸದಂತೆ ಕಂದೀಲು ಹಚ್ಚಲು ಹೋದ. ಎಂಜಿನಿಯರರು ಓಡಿ ಬಂದು ಅವನ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡರು. ಗ್ಯಾಸಿನ ಗುಂಡಿಗೆ ದೀಪ ಬಿಟ್ಟರೆ ಇಡೀ ಹಿತ್ತಲೇ ಹೊತ್ತಿಕೊಳ್ಳುತ್ತದೆ. ಅವರು ಹೇಳಿದ್ದು ಸರಿಯೇ ಇತ್ತು. ಇಂದಿಗೂ ಅದು ಸರಿಯೇ. ಆದರೆ ಕಂದೀಲಿನ ಜಾಗದಲ್ಲಿ ಇಡಲು ನಮ್ಮ ಬಳಿ ಏನೂ ಇರಲಿಲ್ಲ.

“ಕಂದೀಲ ಇಲ್ದ ನಮ್ಮಪ್ಪ ಹಳ್ಳಕ್ಕೂ ಇಳೀತಿದ್ದಿಲ್ಲ,” ಎಂದು ಗೌಂಡಿ ನಕ್ಕ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡರೆ ಗೋಡೆಯ ಸುತ್ತ ಓಡಾಡಲು ಆಗುವುದಿಲ್ಲ ಎಂದು ಬರೀ ಕೈಯಲ್ಲಿ ಹಿಡಿದು ಇಳಿದ.

ಮೇಲಿಂದ ನಮಗೆ ಕರಣಿಯ ಹಿಡಿಯಿಂದ ಅವನು ಗೋಡೆಗೆ ಬಡಿಯುವುದು ಕೇಳುತ್ತಿತ್ತು. ಗಟ್ಟಿ ಗೋಡೆಯ ಟಣ್ ಟಣ್. “ಇಲ್ಲಿ ನೋಡ್ರಿ. ಇಲ್ಲಿ ನೋಡ್ರಿ. ಎಲ್ಲೈತಿ ಬಿರಕ?” ಎನ್ನುತ್ತ ಸುತ್ತುತ್ತಿದ್ದ. ತಳದ ರಾಡಿಯನ್ನು ಕಾಲಿನಿಂದ ಕೆದಕಿ ಬುಡದ ಇಟ್ಟಿಗೆ ನೋಡಲು ಬಗ್ಗಿದ. “ಇಲ್ಲಿ” ಎಂದ. ಅದರ ಮುಂದಿನ ಮಾತು ಬರಲಿಲ್ಲ.

ಅವನ ಹೆಂಡತಿಗೆ ನಮ್ಮೆಲ್ಲರಿಗಿಂತ ಮೊದಲು ತಿಳಿಯಿತು. ಸೀರೆಯ ಸೆರಗು ಸಿಕ್ಕಿಸಿ ಅಂಚಿಗೆ ಕಾಲಿಟ್ಟುಬಿಟ್ಟಿದ್ದಳು. ನಾನು ಹಿಂದಿನಿಂದ ಅವಳ ಸೊಂಟವನ್ನು ತಬ್ಬಿ ಹಿಡಿದೆ. ಗಾರೆ ಹೊತ್ತು ಗಟ್ಟಿಯಾದ ಮೈ, ನನ್ನನ್ನು ಎರಡು ಸಲ ಹಿತ್ತಲ ಗೋಡೆಗೆ ಅಪ್ಪಳಿಸಿತು. ನಾನು ಬಿಡಲಿಲ್ಲ. ಎಂಜಿನಿಯರರು “ಯಾರೂ ಇಳೀಬ್ಯಾಡ್ರಿ, ಯಾರೂ ಇಳೀಬ್ಯಾಡ್ರಿ” ಎಂದು ಕೂಗುತ್ತಲೇ ಇದ್ದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ಅದರ ಕೊಂಡಿಗೆ ಅವನ ಅಂಗಿ ಸಿಕ್ಕಿಸಿ ಎಳೆದರು. ಮೇಲೆ ಬಂದಾಗ ಅವನ ಮುಖದಲ್ಲಿ ನೋವೇನೂ ಇರಲಿಲ್ಲ. ಮಾತಿನ ನಡುವೆ ನಿಲ್ಲಿಸಿದವನ ಮುಖ. ಜೀಪಿನಲ್ಲಿ ವಿಜಾಪುರದ ಆಸ್ಪತ್ರೆಗೆ ಒಯ್ದೆವು. ಅದು ಬರೀ ಒಯ್ಯುವುದಾಗಿತ್ತು.

ಬೆಂಗಳೂರಿನ ಡೈರೆಕ್ಟರರಿಂದ ವರದಿಯ ಕರಡು ಬೇಗನೆ ಬಂತು. ಟೈಪು ಮಾಡಿದ ಇಂಗ್ಲಿಷು. ಸ್ಥಳೀಯ ಕೆಲಸಗಾರ ಕಟ್ಟಿದ ದೋಷಯುಕ್ತ ಗೋಡೆಯನ್ನು ಪರೀಕ್ಷಿಸುವಾಗ ಅವಘಡ ಸಂಭವಿಸಿತು ಎಂದಿತ್ತು. ಮುಂದಿನ ಪ್ಯಾರಾದಲ್ಲಿ, ಆದ್ದರಿಂದ ಇನ್ನು ಮುಂದೆ ಕಾಮಗಾರಿಯನ್ನು ನಗರದ ಕಂತ್ರಾಟುದಾರರಿಗೆ ವಹಿಸತಕ್ಕದ್ದು, ಗ್ರಾಮೀಣ ಗೌಂಡಿಗಳ ತರಬೇತಿಯನ್ನು ಕೈಬಿಡತಕ್ಕದ್ದು ಎಂದಿತ್ತು. ನಾನು ಅದನ್ನು ಗೈಡ್‌ಲೈನಿನಲ್ಲಿ ಸೇರಿಸಬೇಕು.

ವರದಿ ಬರುವ ಮೊದಲೇ ಸುದ್ದಿ ಬಬಲೇಶ್ವರ ಮುಟ್ಟಿತ್ತು. ಗೌಂಡಿಯ ತಮ್ಮನೂ ಅದೇ ಕಸುಬಿನವನು. ಕನಮಡಿ ಕಡೆಯ ಒಬ್ಬ ರೈತ ಬಾವಿಗೆ ಕಲ್ಲು ಕಟ್ಟಲು ಅವನಿಗೆ ಹೇಳಿದ್ದವನು, ‘ಸೋರೂ ಗ್ವಾಡಿ ಕಟ್ಟೂ ಮಂದಿ’ ಎಂದು ಬೇರೆಯವರಿಗೆ ಕೊಟ್ಟಿದ್ದ. ಇದನ್ನು ಹೇಳಿದ್ದು ನಮ್ಮ ಡ್ರೈವರು. ಸತ್ತವನ ಹೆಂಡತಿ, ತಮ್ಮ, ಎಲ್ಲರ ಅನ್ನ ಅವನ ಗೋಡೆಯ ಹೆಸರಿನ ಮೇಲೆ ನಿಂತಿತ್ತು. ಆ ಹೆಸರು ಈಗ ನನ್ನ ಟೇಬಲ್ಲಿನ ಮೇಲಿದ್ದ ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಿತ್ತು.

ಗೋಡೆ ನಿಜವಾಗಿ ಸೋರಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅದೇ ನಿದ್ದೆಗೆಡಿಸಿದ್ದು. ಕಟ್ಟಿದಾಗ ನೀರು ಗೆರೆ ಬಿಟ್ಟು ಕದಲಿರಲಿಲ್ಲ ನಿಜ, ಆದರೆ ಆಮೇಲೆ ಬಿರುಕು ಬಿಟ್ಟಿರಬಹುದು. ಅದಕ್ಕೆ ಟಣ್ ಟಣ್ ಎಂಬುದಷ್ಟೇ ಸಾಕ್ಷಿ.

ಟಿಕೋಟದ ಪ್ಲಾಂಟನ್ನು ಮುಚ್ಚಿ ಸಾಮಾನು ತರಲು ನನ್ನನ್ನೇ ಕಳಿಸಿದರು. ಮನುಷ್ಯ ಸತ್ತ ಗುಂಡಿಯ ಬೆಂಕಿಯಲ್ಲಿ ಅಡುಗೆ ಮಾಡುವುದಿಲ್ಲ ಎಂದು ಓಣಿಯವರು ಹೇಳಿಬಿಟ್ಟಿದ್ದರು. ಗುಂಡಿಯ ಮೇಲೆ ಜಾಲಿಯ ಮುಳ್ಳು ಮುಚ್ಚಿತ್ತು. ಕೆಲಸಕ್ಕೆ ಕೆಲವು ದಿನ ಬೇಕಾದವು, ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ಇಳಿದುಕೊಂಡೆ. ಆ ಬಿಸಿಲಿಗೆ ಹೊಟ್ಟೆ ಕೆಟ್ಟು, ಮಜ್ಜಿಗೆ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಒಂದು ಬೆಳಗ್ಗೆ ಹಾಲು ಕಾಸಿ, ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಲು ಆಯಿಯ ಮನೆಗೆ ಹೋದೆ.

“ಇವತ್ತ ಶುಕ್ಕರವಾರ ಬಾಯಾರ, ಹೆಪ್ಪ ಹೊರಗ ಕೊಡಂಗಿಲ್ಲ,” ಎಂದಳು ಆಯಿ. “ಇಲ್ಲೇ ಕುಂದರ್ರಿ, ಒಂದ ಬಟ್ಟಲ ಮಸರ ಕುಡ್ಯರಿ. ನಿಮ್ಮ ಹೊಟ್ಯಾಗ ಹೋದರ ನಡೀತೈತಿ. ಕೈಯಾಗ ಹಿಡಕೊಂಡ ಹೊಸ್ತಲ ದಾಟಬಾರದಷ್ಟ.”

ನಗು ಬಂತು. ಅಂಥ ದಿನಗಳಲ್ಲೂ ನಗು ಬರುತ್ತದೆ. ಕೂತು ಕುಡಿದೆ. “ದಾಟಿದರೆ ಏನಾಗ್ತದೆ ಆಯಿ?”

“ಲಕ್ಷ್ಮಿ ಹೊಂಟ ಹೋಗ್ತಾಳ. ನಿಮ್ಮ ಸಾಲ್ಯಾಗ ಇದನೆಲ್ಲಾ ಎಲ್ಲಿ ಹೇಳ್ಯಾರ. ಮಂಗಳಾರ, ಶುಕ್ಕರವಾರ ಮನ್ಯಾಗಿಂದ ಉಪ್ಪ ಕೊಡಂಗಿಲ್ಲ, ಬೆಂಕಿ ಕೊಡಂಗಿಲ್ಲ, ಹೆಪ್ಪ ಕೊಡಂಗಿಲ್ಲ, ಹೆಂಡಿ ಕೊಡಂಗಿಲ್ಲ.”

ಆ ಕಡೆ ಸೆಗಣಿಗೆ ಹೆಂಡಿ ಎನ್ನುತ್ತಾರೆ. ನಾನು ಬಟ್ಟಲನ್ನು ಕೆಳಗಿಟ್ಟೆ.

“ಮತ್ತೆ ಪ್ಲಾಂಟಿಗೆ ದಿನಾ ಬುಟ್ಟಿ ಬರ್ತಿತ್ತಲ್ಲ ಆಯಿ? ಮಂಗಳವಾರ, ಶುಕ್ರವಾರವೂ ಬರ್ತಿತ್ತು. ನಾನೇ ನೋಡಿದ್ದೇನೆ.”

“ಬರ್ತಿತ್ತ. ಕಮೀಟಿಗೆ ಮಾತ ಕೊಟ್ಟಾರಲ್ಲ, ಖಾಲಿ ಬುಟ್ಟಿ ಹೆಂಗ ಕಳಸ್ತಾರ? ಆವತ್ತ ಕೊಟಗಿ ಕಸಾ, ಬೂದಿ, ಮೂಲ್ಯಾಗಿನ ಮಣ್ಣ, ದನಾ ಬಿಟ್ಟ ಹೊಟ್ಟ, ಅದನ್ನ ತುಂಬಿ ಕಳಸ್ತಿದ್ರು. ನೀರ ಹಾಕಿ ಕಲಸಿದರ ಎಲ್ಲಾ ಒಂದ ಬಣ್ಣ.”

ಓಣಿಯ ಹೆಂಗಸರು ಯಾರಿಗೂ ಮೋಸ ಮಾಡಿರಲಿಲ್ಲ. ಲಕ್ಷ್ಮಿಯನ್ನೂ ಉಳಿಸಿಕೊಂಡಿದ್ದರು, ಕಮಿಟಿಯ ಮಾತನ್ನೂ ಉಳಿಸಿಕೊಂಡಿದ್ದರು. ಬುಟ್ಟಿ ಎಂದಿದ್ದೆವು, ಬುಟ್ಟಿ ಕೊಟ್ಟರು. ಬೂದಿಗೆ, ಮಣ್ಣಿಗೆ ಗ್ಯಾಸು ಹುಟ್ಟುವುದಿಲ್ಲ. ಹೊಟ್ಟು ಮೇಲೆ ತೇಲಿ ದಪ್ಪ ಕೆನೆ ಕಟ್ಟುತ್ತದೆ, ಹುಟ್ಟಿದ ಗ್ಯಾಸನ್ನೂ ಮೇಲೇಳಲು ಬಿಡುವುದಿಲ್ಲ. ವಾರದಲ್ಲಿ ಎರಡು ಸಲ. ಬಬಲೇಶ್ವರದಲ್ಲೂ ಅದೇ ಲಕ್ಷ್ಮಿ, ಅದೇ ವಾರ.

ಆಯಿ ನನ್ನ ಮುಖ ನೋಡಿದಳು. ಆಮೇಲೆ ಹಿತ್ತಲ ಬಾಗಿಲಿನ ಕಡೆ, ಮುಳ್ಳು ಮುಚ್ಚಿದ ಗುಂಡಿಯ ಕಡೆ ನೋಡಿದಳು. ಅವಳಿಗೆ ಅದು ತಿಳಿಯುತ್ತ ಹೋದದ್ದನ್ನು ನಾನು ಎದುರಿಗೆ ಕೂತು ನೋಡಿದೆ. ಈಗಲೂ ನೋಡುತ್ತೇನೆ.

“ಹಂಗಾರ ಗ್ವಾಡಿ ಸೋರಿದ್ದಿಲ್ಲೇನ?”

“ಇಲ್ಲ ಅನಿಸ್ತದೆ ಆಯಿ.”

“ನನ್ನ ಯಾರೂ ಕೇಳಲಿಲ್ಲಲ್ಲ ಬೇ,” ಎಂದಳು. ಬಾಯಾರ ಎನ್ನಲಿಲ್ಲ. “ಆ ಹುಡುಗ ನನ್ನ ಮುಂದ ಇಳದ. ನಾ ಇಲ್ಲೇ ಈ ಕಟ್ಟಿ ಮ್ಯಾಲೆ ಕುಂತಿದ್ನಿ. ಒಂದ ಮಾತ ಯಾರರ ಕೇಳಿದ್ರ ಹೇಳತಿದ್ನಿ.”

ಅನಿಸುತ್ತದೆ ಎಂಬುದು ಸಾಕಾಗುವುದಿಲ್ಲ. ಎಂಜಿನಿಯರರಿಗೆ ಹೇಳಿದೆ. ಗೌಂಡಿ ಸತ್ತ ದಿನದಿಂದ ಅವರು ಆಫೀಸಿನಲ್ಲಿ ಮಾತು ಬಿಟ್ಟವರಂತೆ ಇದ್ದರು. ಕೇಳಿ, ಎದ್ದು, ಜೀಪಿನ ಹತ್ತಿರ ಹೋಗಿ ನಿಂತರು. “ಬಬಲೇಶ್ವರದ್ದು ಇನ್ನೂ ಜೀವಂತ ಐತಿ. ಅಲ್ಲೇ ತೋರಸಬೇಕು. ಅದೇ ಗ್ವಾಡಿ, ಅದೇ ಕೈ.”

ನಾವು ಯೋಚಿಸಿದ್ದು ಸರಳವಾಗಿತ್ತು. ಶುಕ್ರವಾರ ಸೆಗಣಿ ಹೊಸ್ತಿಲು ದಾಟಬಾರದು, ಆಗಲಿ. ಗುರುವಾರವೇ ದಾಟಲಿ. ಸೋಮವಾರ ಮತ್ತು ಗುರುವಾರ ಸಂಜೆ, ದೀಪ ಹಚ್ಚುವ ಮೊದಲು ಪ್ರತಿ ಮನೆಯಿಂದ ಇನ್ನೊಂದು ಬುಟ್ಟಿ. ಪ್ಲಾಂಟಿನ ತೊಟ್ಟಿಯಲ್ಲಿ ಹಸಿ ಗೋಣಿತಟ್ಟು ಮುಚ್ಚಿಟ್ಟು, ಮರುದಿನ ಬೆಳಗ್ಗೆ ಕಲಸಿ ಬಿಡುವುದು. ಮಂಗಳವಾರ, ಶುಕ್ರವಾರ ಯಾರ ಮನೆಯ ಬಾಗಿಲಿಗೂ ನಾವು ಹೋಗುವುದಿಲ್ಲ.

ಬಬಲೇಶ್ವರದ ಹೆಂಗಸರನ್ನು ಒಂದು ಪಡಸಾಲೆಯಲ್ಲಿ ಸೇರಿಸಿದೆ. ಗ್ಯಾಸಿನ ಹೆಸರು ಕೇಳಿದರೇ ಭಯ. ನಾನು ಬೂದಿಯ ಮಾತು ಎತ್ತಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಂಜೆಯೇ ದಾಟಿಸಿದರೆ ಹೇಗೆ ಎಂದು ಕೇಳಿದೆ.

“ನಿನ್ನಿ ದಾಟಿದ್ದು ನಿನ್ನೀದು. ಅದಕ್ಕ ದೋಷ ಇಲ್ಲ,” ಎಂದು ಒಬ್ಬ ಹಿರಿಯಳು ತೀರ್ಮಾನ ಕೊಟ್ಟಳು.

“ಮೊದಲ ಹಿಂಗ ಕೇಳಬೇಕಿತ್ತಲ್ರಿ,” ಎಂದಳು ಮೂಲೆಯಲ್ಲಿ ಕೂತ ಇನ್ನೊಬ್ಬಳು. “ನಿಮ್ಮ ಸರಕಾರಕ್ಕ ಆಯಿತವಾರ ಸೂಟಿ ಐತಿ. ನಮ್ಮ ಲಕ್ಷ್ಮಿಗೂ ಎರಡ ದಿನಾ ಸೂಟಿ ಬರದಿದ್ರ ಏನ ಗಂಟ ಹೋಗ್ತಿತ್ತ?”

ಅದಕ್ಕೆ ಕೆಲವರು ನಕ್ಕರು. ನಗುವುದು ನಿಂತ ಮೇಲೆ ಆ ಹಿರಿಯಳೇ ಹೇಳಿದಳು: “ಕೊಡ್ತೇವಿ. ಗ್ಯಾಸಿನ ಸಲುವಾಗಿ ಅಲ್ಲ. ನಮ್ಮೂರ ಹುಡುಗ ಕಟ್ಟಿದ್ದು ಸೋರಲಿಲ್ಲ ಅಂತ ಬರೀರಿ. ಅದರ ಸಲುವಾಗಿ.”

ಡ್ರಮ್ಮನ್ನು ಎತ್ತಿ ಮೇಲಿನ ಹೊಟ್ಟಿನ ಕೆನೆಯನ್ನು ಉದ್ದನೆಯ ಜಾಳಿಗೆಯಿಂದ ತೆಗೆದೆವು. ಯಾರೂ ಅಂಚಿನಿಂದ ಬಗ್ಗದಂತೆ ಎಂಜಿನಿಯರರು ಸುತ್ತ ಹಗ್ಗ ಕಟ್ಟಿಸಿ, ಕೆಲಸ ಮುಗಿಯುವವರೆಗೆ ಅದನ್ನು ಹಿಡಿದು ನಿಂತಿದ್ದರು. ಡ್ರಮ್ಮಿನ ಮೈಮೇಲೆ ಬಿಳಿಯ ಬಣ್ಣದಲ್ಲಿ ಗೆರೆಗಳನ್ನು ಬರೆದು ದಿನಾ ನೋಡಿದೆವು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಶುಕ್ರವಾರ ಡ್ರಮ್ಮು ಕುಸಿಯಿತು. ಆ ಸಂಜೆ ಜೀಪಿನಲ್ಲಿ ವಿಜಾಪುರಕ್ಕೆ ಮರಳುವಾಗ, ಹಾಗಾದರೆ ಗೋಡೆಯೇ ಸೋರುತ್ತದೆಯೇ ಎಂಬ ಮಾತನ್ನು ಯಾರು ಮೊದಲು ಆಡಬೇಕು ಎಂದು ಎಂಜಿನಿಯರರೂ ನಾನೂ ಕಾಯುತ್ತಿದ್ದೆವು. ಹಳೆಯ ಬೂದಿ ಇನ್ನೂ ಒಳಗಿದೆ, ಹೊರಗೆ ಹೋಗಲು ಸಮಯ ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪ್ರೇಯರ್ ಎಂಬುದನ್ನು ಕಾನ್ವೆಂಟು ಬಿಟ್ಟ ಮೇಲೆ ಮಾಡಿದ್ದು ಆಗಲೇ.

ಮುಂದಿನ ವಾರಗಳಲ್ಲಿ ಡ್ರಮ್ಮು ಮೆಲ್ಲಗೆ ದಾರಿಗೆ ಬಂತು. ಮಂಗಳವಾರ ಕುಸಿಯದೆ ನಿಂತಿತು, ಆಮೇಲೆ ಶುಕ್ರವಾರವೂ ನಿಂತಿತು. ಬೇಸಿಗೆ ಮುಗಿಯುವ ಹೊತ್ತಿಗೆ ವಾರದ ಎಲ್ಲ ದಿನವೂ ಮೇಲಿನ ಗೆರೆ ಮುಟ್ಟಿ ನಿಲ್ಲುತ್ತಿತ್ತು. ಗೋಡೆಗೆ ಯಾರೂ ಒಂದು ಹಿಡಿ ಸಿಮೆಂಟೂ ಹಚ್ಚಿರಲಿಲ್ಲ.

ಬೆಂಗಳೂರಿನಲ್ಲಿ ಡೈರೆಕ್ಟರರು ನಮ್ಮ ಮಾತನ್ನು ಪೂರ್ತಿ ಕೇಳಿದರು. “ವೆರಿ ಇಂಟರೆಸ್ಟಿಂಗ್,” ಎಂದರು. “ಆದರೆ ಸರ್ಕಾರಿ ಡಾಕ್ಯುಮೆಂಟಿನಲ್ಲಿ ಲಕ್ಷ್ಮಿಯನ್ನು ಕೂರಿಸಲಿಕ್ಕೆ ಆಗೋದಿಲ್ಲ. ದಿಲ್ಲಿಯವರು ನಗ್ತಾರೆ. ಗೋಡೆ ಅಂದರೆ ಎಲ್ಲರಿಗೂ ಅರ್ಥವಾಗ್ತದೆ. ಆ ವಾಕ್ಯ ಹಾಗೇ ಇರಲಿ. ಸತ್ತವನಿಗೆ ಅದರಿಂದ ಏನು ನಷ್ಟ?”

ನಾನು ಆವರೆಗೆ ಮೇಲಿನವರಿಗೆ ಎದುರು ಮಾತಾಡಿದವಳಲ್ಲ. ಸಿಸ್ಟರ್‌ಗಳು ನಮ್ಮನ್ನು ಹಾಗೆ ಬೆಳೆಸಿರಲಿಲ್ಲ. “ಲಕ್ಷ್ಮಿ ಬೇಡ ಸರ್,” ಎಂದೆ. “ಸೆಗಣಿ ಸಂಗ್ರಹಿಸದ ದಿನಗಳನ್ನು ಆಯಾ ಊರಿನ ಹೆಂಗಸರನ್ನು ಕೇಳಿ ಗೊತ್ತುಮಾಡತಕ್ಕದ್ದು ಅಂತ ಬರೀತೇನೆ. ಆದರೆ ಗೋಡೆಯ ವಾಕ್ಯ ಇದ್ದರೆ ಉಳಿದ ಚಾಪ್ಟರುಗಳನ್ನು ನಾನು ಬರೆಯೋದಿಲ್ಲ.”

ಅವರು ನಗಲಿಕ್ಕೆ ಹೊರಟಿದ್ದರು. ಅಷ್ಟರಲ್ಲಿ ಎಂಜಿನಿಯರರು ಬಾಯಿ ಬಿಟ್ಟರು. “ದೋಷ ಅಂತ ಬರೀಲೇಬೇಕಾದರ ನನ್ನ ಹೆಸರ ಬರೀರಿ ಸರ್. ಕಂದೀಲ ಕಸಗೊಂಡಾಂವ ನಾನು. ಅದರ ಬದ್ಲಿ ಏನೂ ಕೊಡಲಿಲ್ಲ. ಗ್ವಾಡಿ ಸುದ್ದಿ ಬಿಡ್ರಿ, ಗ್ವಾಡಿ ಚಲೋ ಇತ್ತು.”

ಡೈರೆಕ್ಟರರು ಪೆನ್ನು ತೆಗೆದು ಆ ವಾಕ್ಯದ ಮೇಲೆ ಗೆರೆ ಎಳೆದರು. ಯಾಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಪಶ್ಚಾತ್ತಾಪಕ್ಕೋ, ಊಟದ ಹೊತ್ತಾಗಿತ್ತು ಎಂದೋ. ಎಂಜಿನಿಯರರ ಹೆಸರನ್ನೂ ಬರೆಯಲಿಲ್ಲ.

ಗೈಡ್‌ಲೈನು ಅಚ್ಚಾಯಿತು. ಗೋಡೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂಬ ಸಾಲು ಅದರಲ್ಲಿದೆ. ಖಾಲಿ ಮಾಡಿದ ಗುಂಡಿಗೆ ಯಾರೂ ಇಳಿಯಬಾರದು. ಇಳಿಯಲೇಬೇಕಾದರೆ ಹಲವು ದಿನ ತೆರೆದಿಟ್ಟು, ಬುಟ್ಟಿಯಲ್ಲಿ ಜೀವಂತ ಕೋಳಿಯನ್ನು ಇಳಿಬಿಟ್ಟು ನೋಡಬೇಕು, ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಎಳೆಯುವವರು ಇರಬೇಕು ಎಂಬುದಿದೆ. ಗ್ರಾಮೀಣ ಗೌಂಡಿಗಳಿಗೇ ತರಬೇತಿ ಎಂಬುದಿದೆ. ಮೊದಲ ಕ್ಯಾಂಪು ತೊರವಿಯ ಹತ್ತಿರ ನಡೆಯಿತು, ಸತ್ತವನ ತಮ್ಮ ಅಲ್ಲಿ ಕಲಿಸುವವರ ಸಾಲಿನಲ್ಲಿ ನಿಂತಿದ್ದ. ಕನಮಡಿಯ ಆ ರೈತ ಅವನನ್ನು ಮತ್ತೆ ಕರೆಸಿಕೊಂಡ. ಸೆಲ್ಲು ಮುಂದೆ ದೊಡ್ಡ ಕಚೇರಿಯಾಯಿತು, ಅದಕ್ಕೆ ಬೇರೆ ಬೇರೆ ಹೆಸರುಗಳು ಬಂದವು. ಅಲ್ಲಿ ಕೂತವರು ಆ ಕೋಳಿಯ ಸಾಲನ್ನು ಓದಿ ಮುಗುಳ್ನಕ್ಕಿರಬಹುದು. ನಕ್ಕರೂ ಅಳಿಸದಿದ್ದರೆ ಸಾಕು.

ಅಚ್ಚಾದ ಪ್ರತಿ ಕೈಗೆ ಬಂದ ವಾರವೇ ಬಬಲೇಶ್ವರಕ್ಕೆ ಹೋದೆ. ಅವನ ಹೆಂಡತಿಗೆ ನಾನೇ ಹೇಳಬೇಕಿತ್ತು. ಊರ ಹೊರಗೆ ನೀರಿನ ಟಾಕಿಯೊಂದು ಏಳುತ್ತಿತ್ತು. ಮೈದುನ ಮೇಲೆ ಇಟ್ಟಿಗೆ ಇಡುತ್ತಿದ್ದ, ಅವಳು ಕೆಳಗೆ ಗಾರೆ ಕಲಸುತ್ತಿದ್ದಳು. ನನ್ನನ್ನು ನೋಡಿ ಸಲಿಕೆ ನಿಲ್ಲಿಸಿದಳು. ಪುಟ ತೆರೆದು ಆ ಸಾಲನ್ನು ಕನ್ನಡ ಮಾಡಿ ಹೇಳಿದೆ. ಗೋಡೆಯಲ್ಲಿ ಯಾವ ದೋಷವೂ ಇರಲಿಲ್ಲ.

“ನನಗ ಗೊತ್ತಿತ್ರಿ,” ಎಂದಳು. “ಆ ಗ್ವಾಡಿಗೆ ಗಾರಿ ಹೊತ್ತಾಕಿ ನಾನ.” ಸಲಿಕೆಯ ತುದಿಯಿಂದ ಗಾರೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು. “ಅಂವಗೂ ಗೊತ್ತಿತ್ತು. ಸೋರತೈತಿ ಅನಿಸಿದ್ರ ಅಂವ ಇಳೀತಿದ್ದಿಲ್ಲ ಬಾಯಾರ, ಮನ್ಯಾಗ ಮಾರಿ ಮುಚಕೊಂಡ ಕುಂದರತಿದ್ದ. ನಿಮಗ ಗೊತ್ತಾಗ್ಲಿ ಅಂತ ಇಳದ.”

ನಾನು ಪುಸ್ತಕ ಮುಚ್ಚಿದೆ.

“ಅವತ್ತ ನೀವು ನನ್ನ ಹಿಡಕೊಂಡ್ರಿ,” ಎಂದಳು. ಬೈಗುಳವಿರಲಿಲ್ಲ, ಕೃತಜ್ಞತೆಯೂ ಇರಲಿಲ್ಲ. “ಬಿಟ್ಟಿದ್ರ ಚಲೋ ಇತ್ತು ಅಂತ ಒಮ್ಮೊಮ್ಮೆ ಅನಸ್ತದ. ಒಮ್ಮೊಮ್ಮೆ ಇಲ್ಲ.”

“ವೈನೀ, ಗಾರಿ ತಾರ,” ಎಂದು ಮೈದುನ ಮೇಲಿಂದ ಕೂಗಿದ.

ಅವಳು ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಬುಟ್ಟಿ ಎತ್ತಲು ಬಗ್ಗಿದಳು. ನಾನು ಒಂದು ಕಡೆ ಕೈ ಕೊಟ್ಟೆ, ಇಬ್ಬರೂ ಸೇರಿ ಎತ್ತಿದೆವು. ಒಂದು ಕೈಯಿಂದ ಏಣಿ ಹಿಡಿದು ಹತ್ತಿದಳು, ತಿರುಗಿ ನೋಡಲಿಲ್ಲ. ಮೇಲೆ ಬುಟ್ಟಿ ಇಳಿಸಿ, ಮೈದುನ ಆಗಷ್ಟೇ ಇಟ್ಟ ಸಾಲಿನ ಮೇಲೆ ಅಂಗೈ ಆಡಿಸಿದಳು. ಒಂದು ಇಟ್ಟಿಗೆಯ ಹತ್ತಿರ ಕೈ ನಿಂತಿತು. ಅದನ್ನು ಕಿತ್ತು ಅವನ ಕೈಗೆ ವಾಪಸು ಕೊಟ್ಟಳು.

ಆಮೇಲೆ ಅವಳನ್ನು ನಾನು ನೋಡಲಿಲ್ಲ.